ಕಲ್ಕತ್ತದ ಸೆಖೆ, ಪಂಖಾ ಮತ್ತು ಓವರ್‌ಕ್ಲಾಕ್ ಮಾಡಿದ ರ‍್ಯಾಮ್

ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರ್ ಮೆಮೊರಿಯನ್ನು ಕಡಿಮೆ ದುಡ್ಡಲ್ಲಿ ತಂಪಾಗಿ ಇಡೋದು ಹೇಗೆ ಅನ್ನೋದು ಇವತ್ತಿನ ಮಾತು. ಇದರಲ್ಲಿ ಇತಿಹಾಸ ಎಲ್ಲಿಂದ ಬಂತು ಅಂತ ಕೇಳ್ತೀರಿ. ನಾನಿರೋದು ಕಾಳಿಘಾಟ್‌ನಲ್ಲಿ. ಸೆಖೆ ಓಡಿಸೋಕೆ ಈ ಊರು ಮಾಡದ ಪ್ರಯೋಗ ಇಲ್ಲ. ಇವತ್ತು ರ‍್ಯಾಮ್ ತಂಪು ಮಾಡೋಕೆ ಜನ ಹುಡುಕೋ ಪ್ರತಿಯೊಂದು ಉಪಾಯವನ್ನೂ ಇಲ್ಲಿ ಯಾರೋ ಒಬ್ಬರು ಮನುಷ್ಯರ ಮೇಲೆ ಮೊದಲೇ ಪರೀಕ್ಷೆ ಮಾಡಿ ಆಗಿದೆ.

ಮೊದಲು ನೀರು. ಉತ್ತರದ ಕಡೆ, ಅಲಹಾಬಾದ್, ಕಾನ್ಪುರದಂಥ ಊರುಗಳಲ್ಲಿ ಬೇಸಗೆಯ ಒಣಗಾಳಿಗೆ ಬಾಗಿಲಲ್ಲಿ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸೋರು. ನೀರು ಆವಿಯಾಗುವಾಗ ಶಾಖ ಹೀರಿಕೊಳ್ಳುತ್ತೆ, ಒಳಗೆ ಬರೋ ಗಾಳಿ ತಣ್ಣಗಾಗುತ್ತೆ. ಅದಕ್ಕೇ ಕೈಯಿಂದ ತಿರುಗಿಸೋ ಗಾಳಿಯ ಚಕ್ರ ಸೇರಿಸಿ ಬ್ರಿಟಿಷರು ‘ಥರ್ಮ್ಯಾಂಟಿಡೋಟ್’ ಅನ್ನೋ ದೊಡ್ಡ ಪೆಟ್ಟಿಗೆ ಮಾಡಿಕೊಂಡರು. ನಮ್ಮ ಮನೆಗಳ ಏರ್ ಕೂಲರಿನ ಮುತ್ತಜ್ಜ ಅದು. ಆದರೆ ಇದು ಒಣ ಹವೆಯ ವಿದ್ಯೆ. ಕಲ್ಕತ್ತದ ಗಾಳಿ ಮೊದಲೇ ನೀರು ಕುಡಿದು ತೇಗಿರುತ್ತೆ, ಇನ್ನೆಷ್ಟು ಆವಿ ಹಿಡಿಸೀತು? ಕಂಪ್ಯೂಟರ್ ಪಕ್ಕ ಏರ್ ಕೂಲರ್ ಇಡೋ ಯೋಚನೆ ಇರುವ ಮಂಗಳೂರು, ಉಡುಪಿ, ಕಾಸರಗೋಡಿನವರಿಗೂ ಇದೇ ಮಾತು. ತಂಪು ಸ್ವಲ್ಪ, ತೇವ ಜಾಸ್ತಿ.

ಆಮೇಲೆ ಐಸು. ಹೂಗ್ಲಿ ಕಡೆ ಚಳಿಗಾಲದ ರಾತ್ರಿ ಹುಲ್ಲಿನ ಹಾಸಿನ ಮೇಲೆ ಅಗಲವಾದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಬೆಳಗಿನ ಜಾವ ತೆಳ್ಳನೆ ಪದರ ಕೆರೆದು ತೆಗೀತಿದ್ದರು. ಅದರಲ್ಲಿ ಮಣ್ಣೂ ಸೇರಿರುತ್ತಿತ್ತು. 1833ರಲ್ಲಿ ಬಾಸ್ಟನ್‌ನ ವ್ಯಾಪಾರಿ ಫ್ರೆಡೆರಿಕ್ ಟ್ಯೂಡರ್ ‘ಟಸ್ಕನಿ’ ಅನ್ನೋ ಹಡಗಲ್ಲಿ 180 ಟನ್ ಐಸ್ ತುಂಬಿಸಿ ಕಳಿಸಿದ. ನಾಲ್ಕು ತಿಂಗಳ ಪ್ರಯಾಣ, ಎರಡು ಸಲ ಭೂಮಧ್ಯರೇಖೆ ದಾಟಬೇಕು. ಸೆಪ್ಟೆಂಬರ್‌ನಲ್ಲಿ ಹಡಗು ಮುಟ್ಟಿದಾಗ ಸುಮಾರು 100 ಟನ್ ಉಳಿದಿತ್ತು! ಊರಿನ ದೊಡ್ಡವರು ಚಂದಾ ಎತ್ತಿ ಐಸ್ ಹೌಸ್ ಕಟ್ಟಿಸಿಕೊಟ್ಟರು. ಅಷ್ಟು ಐಸ್ ಬಂದರೂ ಅದು ಹೋಗಿದ್ದು ಕುಡಿಯೋ ಗ್ಲಾಸಿಗೆ, ಊಟದ ಮೇಜಿಗೆ, ಜ್ವರದವರ ಹಣೆಗೆ. ಕೋಣೆಯ ಸೆಖೆಗೆ ಬೇರೆಯದೇ ವ್ಯವಸ್ಥೆ ಇತ್ತು.

ಅದೇ ಪಂಖಾ. ಚಾವಣಿಯಿಂದ ತೂಗುಬಿಟ್ಟ ಬಟ್ಟೆಯ ಚೌಕಟ್ಟು, ಅದಕ್ಕೊಂದು ಹಗ್ಗ, ಗೋಡೆಯ ತೂತಿನಿಂದ ಆಚೆ ವರಾಂಡಕ್ಕೆ. ಹಗ್ಗದ ಕೊನೆಯಲ್ಲಿ ಒಬ್ಬ ಮನುಷ್ಯ. 18ನೇ ಶತಮಾನದ ಕೊನೆಯ ಹೊತ್ತಿಗೆ ಕಲ್ಕತ್ತದಲ್ಲಿ ಇದು ಮಾಮೂಲಾಗಿತ್ತು. ಕೈ ಸೋತರೆ ಹಗ್ಗವನ್ನು ಕಾಲ್ಬೆರಳಿಗೆ ಕಟ್ಟಿಕೊಂಡು ಎಳೆಯೋನು. ರಾತ್ರಿ ನಿದ್ದೆ ಹತ್ತಿ ಪಂಖಾ ನಿಂತರೆ ಒಳಗಿನ ಸಾಹೇಬನಿಗೆ ಎಚ್ಚರ, ಹೊರಗಿನವನಿಗೆ ಒದೆ. ಒದೆ ತಿಂದು ಸತ್ತವರ ಪ್ರಕರಣಗಳು ಕೋರ್ಟಿಗೂ ಹೋಗಿವೆ, ಎಷ್ಟೋ ಸಲ ಸಣ್ಣ ದಂಡದಲ್ಲೇ ಮುಗಿದಿವೆ. ಆ ತಂಪು ಅಗ್ಗ ಅನ್ನಿಸಿದ್ದು ಅವನ ಕೂಲಿ ಅಷ್ಟು ಕಡಿಮೆ ಇದ್ದದ್ದರಿಂದ. 1899ರ ಏಪ್ರಿಲ್‌ನಲ್ಲಿ ಇಮಾಮ್‌ಬಾಗ್ ಲೇನಿನ ಕೇಂದ್ರದಿಂದ ಈ ಊರಿಗೆ ಕರೆಂಟ್ ಬಂತು. ಮುಂದಿನ ದಶಕಗಳಲ್ಲಿ ಎಲೆಕ್ಟ್ರಿಕ್ ಫ್ಯಾನು ಆ ಹಗ್ಗವನ್ನು ನಿಧಾನಕ್ಕೆ ಕಡಿದುಹಾಕಿತು.

ಈಗ ಕಂಪ್ಯೂಟರಿಗೆ ಬರೋಣ. ಭಾರತದ ಮೊದಲ ಡಿಜಿಟಲ್ ಕಂಪ್ಯೂಟರ್ ಬಂದಿದ್ದೂ ಈ ಊರಿಗೇ. 1955ರಲ್ಲಿ ಬಾರಾನಗರದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಇಂಗ್ಲೆಂಡಿನಿಂದ ಎಚ್‌ಇಸಿ-2ಎಂ ಬಂತು. ವಾಲ್ವುಗಳ ಯಂತ್ರ, ಅದರ ಮೆಮೊರಿ ಅಂದರೆ ತಿರುಗೋ ಒಂದು ಮ್ಯಾಗ್ನೆಟಿಕ್ ಡ್ರಮ್ಮು. ಆಗ ಬಿಸಿಯ ತಲೆನೋವು ವಾಲ್ವಿನದು. ಆಮೇಲೆ ಬಂದ ಕೋರ್ ಮೆಮೊರಿಯ ಕತೆ ಇನ್ನೂ ಮಜಾ. ಆ ಸಣ್ಣ ಫೆರೈಟ್ ಬಳೆಗಳು ತಾಪ ಬದಲಾದರೆ ಬೇರೆ ಥರ ನಡ್ಕೊಳ್ತಿದ್ದವು. ಹಾಗಾಗಿ ಐಬಿಎಂ 7090ರಲ್ಲಿ ಮೆಮೊರಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಒಂದೇ ತಾಪದಲ್ಲಿ ಇಟ್ಟರು. 1963ರಲ್ಲಿ ಕಾನ್ಪುರ ಐಐಟಿಗೆ ಬಂದ ಐಬಿಎಂ 1620ರಲ್ಲಿ ಕೋರ್ ಬೆಚ್ಚಗಾದ ಮೇಲೇ ಕೆಲಸ ಶುರು. ಅಂದರೆ ಮೆಮೊರಿಯನ್ನು ಕಾಯಿಸ್ತಿದ್ದ ಕಾಲವೂ ಒಂದಿತ್ತು ಅನ್ನಿ.

ಇವತ್ತಿನ ಡಿರ‍್ಯಾಮ್ ಹಾಗಲ್ಲ. ರಾಬರ್ಟ್ ಡೆನಾರ್ಡ್‌ಗೆ 1968ರಲ್ಲಿ ಪೇಟೆಂಟ್ ಸಿಕ್ಕಿತು, 1970ರಲ್ಲಿ ಇಂಟೆಲ್ 1103 ಚಿಪ್ ಮಾರುಕಟ್ಟೆಗೆ ಬಂತು. ಇದರಲ್ಲಿ ಒಂದೊಂದು ಬಿಟ್ ಅಂದರೆ ಒಂದು ಪುಟಾಣಿ ಕೆಪಾಸಿಟರಿನಲ್ಲಿ ತುಂಬಿಟ್ಟ ಚಾರ್ಜು. ತೂತು ಬಿಂದಿಗೆ ಇದ್ದ ಹಾಗೆ, ಸೋರ್ತಾನೇ ಇರುತ್ತೆ, ಮತ್ತೆ ಮತ್ತೆ ತುಂಬಬೇಕು. 85 ಡಿಗ್ರಿಯವರೆಗೆ ಪ್ರತಿ 64 ಮಿಲಿಸೆಕೆಂಡಿಗೆ ಒಂದು ಸುತ್ತು ತುಂಬಿದರೆ ಸಾಕು, ಅದಕ್ಕಿಂತ ಬಿಸಿಯಾದರೆ 32ಕ್ಕೇ ತುಂಬಬೇಕು ಅಂತ ಡಿಡಿಆರ್3, ಡಿಡಿಆರ್4ರ ನಿಯಮ. ಬಿಸಿ ಏರಿದಷ್ಟೂ ತೂತು ದೊಡ್ಡದು. ತಣ್ಣಗಾದರೆ ಉಲ್ಟಾ. 2008ರಲ್ಲಿ ಪ್ರಿನ್ಸ್‌ಟನ್‌ನವರು ಧೂಳು ಊದೋ ಸ್ಪ್ರೇ ಡಬ್ಬಿಯನ್ನು ತಲೆಕೆಳಗಾಗಿ ಹಿಡಿದು ರ‍್ಯಾಮನ್ನು ಮೈನಸ್ 50ಕ್ಕೆ ಇಳಿಸಿದರು. ಕರೆಂಟ್ ತೆಗೆದು ನಿಮಿಷಗಳಾದ ಮೇಲೂ ಅದರೊಳಗಿನ ಗುಟ್ಟು ಓದೋಕೆ ಆಯಿತು.

ಓವರ್‌ಕ್ಲಾಕ್ ಮಾಡೋರು ಏನು ಮಾಡ್ತಾರೆ? ವೇಗ ಏರಿಸ್ತಾರೆ, ವೋಲ್ಟೇಜ್ ಏರಿಸ್ತಾರೆ, ಕೆಲವರು ಆ ತುಂಬೋ ಅಂತರವನ್ನೂ ಹಿಗ್ಗಿಸ್ತಾರೆ. ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ಡಿಡಿಆರ್4ಕ್ಕೆ 1.2ರ ಬದಲು 1.35 ವೋಲ್ಟ್ ಕೊಟ್ಟರೆ ಅದರಿಂದಲೇ ಸುಮಾರು ಶೇ. 27 ಹೆಚ್ಚು. ಹಳೇ ಡಿಡಿಆರ್ ಕಾಲದಲ್ಲಿ ವಿನ್‌ಬಾಂಡ್ ಬಿಎಚ್-5 ಚಿಪ್ಪುಗಳಿಗೆ 2.5ರ ಜಾಗದಲ್ಲಿ 3.3 ವೋಲ್ಟ್ ಹೊಡೆಸ್ತಿದ್ದ ಪುಣ್ಯಾತ್ಮರಿದ್ದರು. ಲೆಕ್ಕ ಹಾಕಿದರೆ ಶೇ. 74 ಜಾಸ್ತಿ. ಅವರೂ ಕೊನೆಗೆ ಮಾಡಿದ್ದು ಒಂದು ಸಣ್ಣ ಫ್ಯಾನ್ ಎದುರಿಗೆ ಇಟ್ಟಿದ್ದು.

ಹಾಗಾದರೆ ಅಂಗಡಿಯಲ್ಲಿ ರ‍್ಯಾಮಿಗೆ ಹೊಳೆಯೋ ಅಲ್ಯೂಮಿನಿಯಂ ಅಂಗಿ ತೊಡಿಸಿರ್ತಾರಲ್ಲ? ಅದು ಜನಪ್ರಿಯವಾಗಿದ್ದು 1999–2000ರ ರ‍್ಯಾಂಬಸ್ ಮೆಮೊರಿಯಿಂದ. ಅದರಲ್ಲಿ ಒಂದು ಹೊತ್ತಿಗೆ ಒಂದೇ ಚಿಪ್ ದುಡಿದು ಅಲ್ಲೇ ಬಿಸಿ ಸೇರ್ತಿತ್ತು, ಅದನ್ನು ಹಂಚೋಕೆ ತಗಡು ನಿಜಕ್ಕೂ ಬೇಕಿತ್ತು. ಡಿಡಿಆರ್‌ನಲ್ಲಿ ಚಿಪ್ಪುಗಳೆಲ್ಲ ಒಟ್ಟಿಗೆ ದುಡೀತವೆ. ರ‍್ಯಾಂಬಸ್ ಹೋಯಿತು, ಅಂಗಿ ಉಳಿಯಿತು. ಗಾಳಿ ಆಡದಿದ್ದರೆ ಅದು ಬರೀ ಅಲಂಕಾರ ಅನ್ನೋದು ನನ್ನ ಅಭಿಪ್ರಾಯ.

ನಮ್ಮ ಕೆಳಗಿನ ಮನೆಯ ಹುಡುಗ ಮದುವೆ ವಿಡಿಯೊ ಎಡಿಟ್ ಮಾಡ್ತಾನೆ. ಕೆಲಸ ಬೇಗ ಮುಗೀಲಿ ಅಂತ ಮೆಮೊರಿ ವೇಗ ಏರಿಸಿದ್ದ. ಚಳಿಗಾಲದಲ್ಲಿ ಎಲ್ಲ ಸರಿ. ಮೇ ತಿಂಗಳ ಮಧ್ಯಾಹ್ನ ಶುರುವಾಯಿತು ನೋಡಿ, ಒಂದು ದಿನ ಮಷೀನ್ ರೀಸ್ಟಾರ್ಟ್, ಇನ್ನೊಂದು ದಿನ ಕಾಪಿ ಮಾಡಿದ ಫೈಲ್ ತೆರೆಯೋದೇ ಇಲ್ಲ. ರೀಸ್ಟಾರ್ಟ್ ಆದರೆ ಪರವಾಗಿಲ್ಲ, ಗೊತ್ತಾಗುತ್ತೆ. ಸದ್ದಿಲ್ಲದೆ ಒಂದು ಬಿಟ್ ತಿರುಗಿ ಅದೇ ತಪ್ಪು ಬ್ಯಾಕಪ್ಪಿಗೂ ಹೋಗಿ ಕೂತರೆ? ಯಾರದೋ ಮನೆಯ ಮದುವೆ, ಮತ್ತೆ ಶೂಟ್ ಮಾಡೋಕಾಗಲ್ಲ.

“ದಾದಾ, ಪೆಲ್ಟಿಯರ್ ಪ್ಲೇಟ್ ತಂದು ಅಂಟಿಸಲಾ?” ಅಂದ. ಕರೆಂಟ್ ಕೊಟ್ಟರೆ ಒಂದು ಮಗ್ಗುಲು ಐಸಿನ ಹಾಗೆ ತಣ್ಣಗಾಗೋ ಬಿಲ್ಲೆ ಅದು. ಬೇಡ ಮಾರಾಯ ಅಂದೆ. 30 ಡಿಗ್ರಿ ಬಿಸಿ, ಶೇ. 80 ತೇವಾಂಶ ಇರೋ ಜುಲೈ ದಿನ ಸುಮಾರು 26 ಡಿಗ್ರಿಗಿಂತ ತಣ್ಣಗಿರೋ ಯಾವ ವಸ್ತುವಾದರೂ ಬೆವರುತ್ತೆ. ಐಸ್ ನೀರಿನ ಲೋಟದ ಹೊರಗೆ ಹನಿ ಕಟ್ಟೋದಿಲ್ವಾ, ಅದೇ ಹನಿ ಮದರ್‌ಬೋರ್ಡ್ ಮೇಲೆ ಬೀಳುತ್ತೆ.

ಕಾಳಿಘಾಟ್‌ನಿಂದ ಮೆಟ್ರೊ ಹತ್ತಿದರೆ ಏಳನೇ ಸ್ಟೇಷನ್ ಚಾಂದನಿ ಚೌಕ್. ಅಲ್ಲಿಂದ 120 ಮಿಲಿಮೀಟರಿನ ಒಂದು ಸೆಕೆಂಡ್ ಹ್ಯಾಂಡ್ ಕೇಸ್ ಫ್ಯಾನ್, ನಾಲ್ಕು ಪ್ಲಾಸ್ಟಿಕ್ ಟೈ ತಂದ. ರ‍್ಯಾಮ್ ಕಡ್ಡಿಗಳ ಮೇಲೆ ಎರಡು ಬೆರಳು ಅಂತರ ಬಿಟ್ಟು, ಗಾಳಿ ಕಡ್ಡಿಗಳ ಸಂದಿನಲ್ಲಿ ನುಗ್ಗೋ ಹಾಗೆ ಕಟ್ಟಿದೆವು. ಒಂದು ಕಡ್ಡಿ ಖರ್ಚು ಮಾಡೋದು ಕೆಲವೇ ವ್ಯಾಟು, ಮೈಗೆ ಅಂಟಿಕೊಂಡ ಬಿಸಿ ಗಾಳಿ ಸರಿದರೆ ಸಾಕು. ಸದ್ದಾಗದಷ್ಟು ನಿಧಾನಕ್ಕೆ ತಿರುಗಿಸಿದರೂ ಸೆನ್ಸರ್ ಹತ್ತು ಡಿಗ್ರಿಗೂ ಹೆಚ್ಚು ಇಳಿಯಿತು. ಫ್ಯಾನು ಕೋಣೆಗಿಂತ ತಣ್ಣಗೆ ಮಾಡಲಾರದು, ಹಾಗಾಗಿ ಬೆವರೂ ಇಲ್ಲ. ಆಮೇಲೆ ವೋಲ್ಟೇಜ್ ಒಂದು ಮೆಟ್ಟಿಲು ಇಳಿಸಿದ, ಅದಕ್ಕೆ ದುಡ್ಡೇ ಬೇಡ. ಮೆಮೊರಿ ಟೆಸ್ಟನ್ನು ಮಾತ್ರ ಬೆಳಗಿನ ತಂಪಲ್ಲಿ ಮಾಡಬೇಡ, ಮಧ್ಯಾಹ್ನ ಎರಡು ಗಂಟೆಗೆ ಕಿಟಕಿ ಮುಚ್ಚಿ ಮಾಡು ಅಂದೆ.

ಡಿಡಿಆರ್5 ಇಟ್ಟುಕೊಂಡವರು ಒಂದು ಗಮನಿಸಿ. ಇದರಲ್ಲಿ ವೋಲ್ಟೇಜ್ ನಿಭಾಯಿಸೋ ಚಿಪ್ಪು ಮದರ್‌ಬೋರ್ಡಿನಿಂದ ರ‍್ಯಾಮ್ ಕಡ್ಡಿಯ ಮೇಲೇ ಬಂದು ಕೂತಿದೆ, ನಡು ಭಾಗದಲ್ಲಿ. ಬಿಸಿ ಅಲ್ಲೂ ಹುಟ್ಟುತ್ತೆ. ಫ್ಯಾನ್ ಕಟ್ಟುವಾಗ ಒಂದು ತುದಿಗೆ ಸರಿಸದೆ ನಡುವಿಗೇ ಗಾಳಿ ಬೀಳೋ ಹಾಗೆ ನೋಡಿಕೊಳ್ಳಿ.