ಹಿರಿಯರ ರಕ್ತ ಕ್ಯಾನ್ಸರಿಗೆ ಸಂಯೋಜಿತ ಔಷಧಗಳ ಕ್ಲಿನಿಕಲ್ ಪ್ರಯೋಗ

ರಕ್ತ ಕ್ಯಾನ್ಸರಿನಿಂದ ಬಳಲುವ ಹಿರಿಯರಿಗೆ ಎರಡು ಅಥವಾ ಹೆಚ್ಚು ಔಷಧಗಳನ್ನು ಒಟ್ಟಿಗೆ ನೀಡುವುದರಿಂದ ಆಗುವ ಪ್ರಯೋಜನ ಮತ್ತು ಅಪಾಯಗಳನ್ನು ಅಳೆಯುವ ಪರೀಕ್ಷೆಯೇ ಸಂಯೋಜಿತ ಔಷಧಗಳ ಕ್ಲಿನಿಕಲ್ ಪ್ರಯೋಗ. ತೀವ್ರ ಮೈಲಾಯ್ಡ್ ಲ್ಯುಕೇಮಿಯಾ (ಎಎಂಎಲ್) ಕುರಿತ ಪ್ರಯೋಗಗಳು ಇದಕ್ಕೆ ಪ್ರಮುಖ ಉದಾಹರಣೆಯಾಗಿವೆ.

ಹಿನ್ನೆಲೆ

ಎಎಂಎಲ್ ರೋಗದಲ್ಲಿ ಅಸ್ಥಿಮಜ್ಜೆಯು ಬಲಿಯದ ಬಿಳಿ ರಕ್ತಕಣಗಳನ್ನು ಮಿತಿಮೀರಿ ಉತ್ಪಾದಿಸುತ್ತದೆ. ಸೈಟರಾಬಿನ್ ಮತ್ತು ಆಂತ್ರಾಸೈಕ್ಲಿನ್ ಔಷಧಗಳನ್ನೊಳಗೊಂಡ ತೀವ್ರ ಕಿಮೊಥೆರಪಿಯನ್ನು ಹೃದ್ರೋಗ, ಮೂತ್ರಪಿಂಡದ ದೌರ್ಬಲ್ಯ ಮುಂತಾದ ತೊಂದರೆಗಳಿರುವ ಹಿರಿಯರು ತಾಳಿಕೊಳ್ಳಲಾರರು. ಆದ್ದರಿಂದ ಕಿರಿಯರಲ್ಲಿ ಕಂಡ ಫಲಿತಾಂಶವನ್ನು ಅವರಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಹಿರಿಯರನ್ನೇ ಒಳಗೊಂಡ ಪ್ರಯೋಗಗಳು ಅಗತ್ಯ.

ವಯಾಲೆ-ಎ ಪ್ರಯೋಗ

75 ವರ್ಷ ಅಥವಾ ಅದಕ್ಕಿಂತ ಹೆಚ್ಚು ವಯಸ್ಸಾದ, ಇಲ್ಲವೇ ತೀವ್ರ ಕಿಮೊಥೆರಪಿಗೆ ಅರ್ಹರಲ್ಲದ 431 ರೋಗಿಗಳ ಮೇಲೆ ನಡೆದ ಈ ಮೂರನೇ ಹಂತದ ಪ್ರಯೋಗದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಅಜಾಸಿಟಿಡಿನ್ ಚುಚ್ಚುಮದ್ದಿನೊಂದಿಗೆ ವೆನೆಟೊಕ್ಲಾಕ್ಸ್ ಮಾತ್ರೆಯನ್ನೂ, ಇನ್ನೊಂದಕ್ಕೆ ಅಜಾಸಿಟಿಡಿನ್ ಜೊತೆ ಔಷಧವಿಲ್ಲದ ಹುಸಿಮಾತ್ರೆಯನ್ನೂ ನೀಡಲಾಯಿತು. ಯಾರಿಗೆ ಯಾವ ಮಾತ್ರೆ ದೊರೆಯುತ್ತಿದೆಯೆಂಬುದು ರೋಗಿಗೂ ವೈದ್ಯರಿಗೂ ತಿಳಿದಿರಲಿಲ್ಲ. ವೆನೆಟೊಕ್ಲಾಕ್ಸ್ ಕ್ಯಾನ್ಸರ್ ಕಣಗಳನ್ನು ಸಾಯದಂತೆ ಕಾಯುವ ಬಿಸಿಎಲ್-2 ಪ್ರೋಟೀನನ್ನು ತಡೆಯುತ್ತದೆ.

ಸಂಯೋಜಿತ ಚಿಕಿತ್ಸೆ ಪಡೆದವರ ಮಧ್ಯಕ ಬದುಕುಳಿಕೆ 14.7 ತಿಂಗಳು, ಮತ್ತೊಂದು ಗುಂಪಿನದು 9.6 ತಿಂಗಳು. ಆದರೆ ಬಿಳಿ ರಕ್ತಕಣಗಳ ಕುಸಿತದೊಂದಿಗೆ ಬರುವ ಜ್ವರವು ಮೊದಲ ಗುಂಪಿನ ಶೇ. 42 ರೋಗಿಗಳಲ್ಲಿ ಕಂಡುಬಂದರೆ, ಎರಡನೆಯದರಲ್ಲಿ ಶೇ. 19ರಷ್ಟಿತ್ತು. ಹೀಗೆ ಆಯುಷ್ಯ ಹೆಚ್ಚಿದರೂ ಸೋಂಕಿನ ಅಪಾಯವೂ ಹೆಚ್ಚಿತು.

ಔಷಧಗಳ ಪರಸ್ಪರ ಪ್ರಭಾವ

ಶಿಲೀಂಧ್ರ ಸೋಂಕನ್ನು ತಡೆಯಲು ನೀಡುವ ಪೊಸಕೊನಜೋಲ್, ಯಕೃತ್ತಿನಲ್ಲಿ ವೆನೆಟೊಕ್ಲಾಕ್ಸ್ ವಿಘಟನೆಯನ್ನು ನಿಧಾನಗೊಳಿಸುತ್ತದೆ. ಇವೆರಡನ್ನೂ ಒಟ್ಟಿಗೆ ನೀಡುವಾಗ ವೆನೆಟೊಕ್ಲಾಕ್ಸ್ ಪ್ರಮಾಣವನ್ನು ಗಣನೀಯವಾಗಿ ತಗ್ಗಿಸಬೇಕಾಗುತ್ತದೆ. ಹಲವು ಕಾಯಿಲೆಗಳಿಗೆ ಮಾತ್ರೆ ಸೇವಿಸುವ ಹಿರಿಯರಲ್ಲಿ ಇಂತಹ ಪರಿಶೀಲನೆ ಮುಖ್ಯ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಕ್ಲಿನಿಕಲ್ ಪ್ರಯೋಗಗಳ ನೋಂದಣಿ 2009ರಿಂದ ಕಡ್ಡಾಯವಾಗಿದೆ. 2019ರ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಅನುಮೋದನೆ ಹಾಗೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ನೀಡಿ ಪಡೆದ ಒಪ್ಪಿಗೆ ಅಗತ್ಯ. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೂ ಅವಕಾಶವಿದೆ. ರೋಗಿಯು ಯಾವಾಗ ಬೇಕಾದರೂ ಪ್ರಯೋಗದಿಂದ ಹಿಂದೆ ಸರಿಯಬಹುದು.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಚಿಕಿತ್ಸಾ ಕೇಂದ್ರ. ಬೆಳಗಾವಿಯಲ್ಲಿ ಕೆಎಲ್‌ಇ ಕ್ಯಾನ್ಸರ್ ಆಸ್ಪತ್ರೆಯು 2025ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಅಜಾಸಿಟಿಡಿನ್ ಚುಚ್ಚುಮದ್ದನ್ನು 28 ದಿನಗಳ ಪ್ರತಿ ಆವರ್ತದಲ್ಲಿ ಸಾಮಾನ್ಯವಾಗಿ ಏಳು ದಿನ ನೀಡಬೇಕು. ನಡುವೆ ರಕ್ತಪರೀಕ್ಷೆಗಳೂ ನಡೆಯಬೇಕು. ಕೌಜಲಗಿಯಂತಹ ಊರುಗಳ ಹಿರಿಯರಿಗೆ ಆಸ್ಪತ್ರೆಯ ದೂರ, ಪ್ರಯಾಣದ ವೆಚ್ಚ ಮತ್ತು ಜೊತೆಗೆ ಬರುವವರ ಲಭ್ಯತೆಯೂ ಚಿಕಿತ್ಸೆಯ ಮುಂದುವರಿಕೆಯನ್ನು ನಿರ್ಧರಿಸುತ್ತವೆ. ಜ್ವರ ಕಾಣಿಸಿಕೊಂಡ ಕೂಡಲೇ ಆಸ್ಪತ್ರೆ ತಲುಪುವ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳುವುದು ಈ ಚಿಕಿತ್ಸೆಯ ಅವಿಭಾಜ್ಯ ಭಾಗವಾಗಿದೆ.