ಹೊಲದ ಸುತ್ತ ನಾಲ್ಕು ಗಡಿ

ದೇಶ ವಿಭಜನೆಯ ಪಾಠದಲ್ಲಿ ನಾವು ಉರು ಹೊಡೆದದ್ದು ಎರಡೇ: ರಾಡ್‌ಕ್ಲಿಫ್ ಎಂಬ ಹೆಸರು, 1947 ಎಂಬ ಇಸವಿ. ಎರಡು ಅಂಕದ ಪ್ರಶ್ನೆ, ಅಲ್ಲಿಗೆ ಮುಗಿಯಿತು. ಗೆರೆ ಬಿದ್ದ ಕಡೆ ಹೊಲ ಇದ್ದವರ ಕಥೆ ಏನಾಯಿತು? ಹಳ್ಳಿ ಮಕ್ಕಳಿಗೆ ಈ ಪಾಠ ಅಲ್ಲಿಂದಲೇ ಶುರುವಾಗಬೇಕು ಅನ್ನುವುದು ನನ್ನ ಅನಿಸಿಕೆ.

ಬಂಗಾಳದ ಉತ್ತರಕ್ಕೆ ಕೂಚ್ ಬಿಹಾರ್ ಎಂಬ ಸಂಸ್ಥಾನ ಇತ್ತು. ಪಕ್ಕದ ರಂಗಪುರ ಮೊದಲು ಮೊಘಲರದ್ದು, ಆಮೇಲೆ ಬ್ರಿಟಿಷರದ್ದು. ಇವರ ಕೆಲವು ಊರು ಅವರೊಳಗೆ, ಅವರ ಕೆಲವು ಊರು ಇವರೊಳಗೆ. ರಾಜರು ಚದುರಂಗದಾಟದಲ್ಲಿ ಪಣಕ್ಕಿಟ್ಟು ಸೋತ ಊರುಗಳಿವು ಅಂತ ಅಲ್ಲಿನವರು ಹೇಳುತ್ತಾರೆ. ಕಥೆ ಚೆನ್ನಾಗಿದೆ. ನಿಜವಾದ ಕಾರಣ 18ನೇ ಶತಮಾನದ ಶುರುವಿನ ಯುದ್ಧ ಮತ್ತು ಒಪ್ಪಂದ. ಆಗ ಜನರಿಗೆ ಇದರಿಂದ ದೊಡ್ಡ ತೊಂದರೆ ಇರಲಿಲ್ಲ, ಕಂದಾಯ ಕಟ್ಟುವ ಜಾಗ ಬೇರೆ, ಅಷ್ಟೇ. ನಮ್ಮ ಧಾರವಾಡ ಜಿಲ್ಲೆಯ ನಡುವೆ ಸವಣೂರು ನವಾಬರ ಸಂಸ್ಥಾನ ಇತ್ತಲ್ಲ, ಹಾಗೆ.

1947ರಲ್ಲಿ ರಂಗಪುರ ಪಾಕಿಸ್ತಾನಕ್ಕೆ ಹೋಯಿತು. 1949ರಲ್ಲಿ ಕೂಚ್ ಬಿಹಾರ್ ಭಾರತಕ್ಕೆ ಸೇರಿತು. ಕಂದಾಯದ ಗೆರೆ ದೇಶದ ಗಡಿಯಾಯಿತು. 1971ರ ನಂತರ ಆಚೆ ಕಡೆಯದು ಬಾಂಗ್ಲಾದೇಶ. ಅದರೊಳಗೆ ಭಾರತದ 111 ತುಣುಕು, ಭಾರತದೊಳಗೆ ಅದರ 51 ತುಣುಕು. ಅಲ್ಲಿ ಇವಕ್ಕೆ ಛಿಟ್‌ಮಹಲ್ ಅನ್ನುತ್ತಾರೆ.

ಮೇಷ್ಟ್ರು ಬೋರ್ಡಿನ ಮೇಲೆ ಒಂದರೊಳಗೊಂದು ವೃತ್ತ ಬರೆಯಲಿ. ನಟ್ಟನಡುವೆ ಡಹಲಾ ಖಾಗ್ರಾಬಾರಿ, ಎರಡು ಎಕರೆಯೂ ಇಲ್ಲದ ಸೆಣಬಿನ ಹೊಲ, ಭಾರತದ್ದು. ಅದರ ಸುತ್ತ ಬಾಂಗ್ಲಾದ ಊರು, ಅದರ ಸುತ್ತ ಭಾರತದ ಊರು, ಅದರಾಚೆ ಪೂರ್ತಿ ಬಾಂಗ್ಲಾ. ಆಮೇಲೆ ಮಕ್ಕಳನ್ನು ಕೇಳಲಿ: ಇಲ್ಲಿ ಕಳ್ಳತನವಾದರೆ ಯಾವ ಪೊಲೀಸರು ಬರಬೇಕು? ಕರೆಂಟು ಯಾರು ಕೊಡಬೇಕು?

ಇಂಥ ಬಹಳಷ್ಟು ಊರುಗಳಿಗೆ ಯಾರೂ ಕೊಡಲಿಲ್ಲ. ರೇಷನ್ ಕಾರ್ಡಿಲ್ಲ, ಓಟಿಲ್ಲ. ಭಾರತದೊಳಗಿನ ಬಾಂಗ್ಲಾ ಊರುಗಳಲ್ಲಿ ಹೆರಿಗೆಗೆ ಆಸ್ಪತ್ರೆ ಸೇರಲು ಪಕ್ಕದ ಊರಿನವನೊಬ್ಬನನ್ನು ಗಂಡ ಅಂತ ಬರೆಸಿದ ಹೆಂಗಸರಿದ್ದರು. ಮಗುವಿನ ಕಾಗದದಲ್ಲಿ ಅಪ್ಪನ ಹೆಸರೇ ಬೇರೆ!

ಅದಲುಬದಲಿಗೆ 1974ರಲ್ಲೇ ಇಂದಿರಾ ಗಾಂಧಿ, ಮುಜೀಬುರ್ ರೆಹಮಾನ್ ಸಹಿ ಹಾಕಿದ್ದರು. ನೆಲ ಬಿಟ್ಟುಕೊಡಲು ಸಂವಿಧಾನ ತಿದ್ದುಪಡಿ ಬೇಕಿತ್ತು. ಅದು ಆಗಿದ್ದು 2015ರಲ್ಲಿ, 100ನೇ ತಿದ್ದುಪಡಿಯಾಗಿ. ಒಂದು ಕಡತಕ್ಕೆ 41 ವರ್ಷ! ಆ ವರ್ಷ ಜುಲೈ 31ರ ಮಧ್ಯರಾತ್ರಿ ಊರುಗಳು ಅದಲುಬದಲಾದವು. ಸುಮಾರು 51 ಸಾವಿರ ಜನರಿಗೆ ಯಾವ ದೇಶ ಬೇಕು ಅಂತ ಕೇಳಿದರು. ಹೆಚ್ಚಿನವರು ಮನೆ ಬಿಟ್ಟು ಕದಲಲಿಲ್ಲ. ಬಾಂಗ್ಲಾದೊಳಗಿನ ತುಣುಕುಗಳಿಂದ ಸಾವಿರದ ಹತ್ತಿರ ಜನ ಭಾರತಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಕಾದರು. ಈ ಕಡೆಯ 51 ತುಣುಕುಗಳಿಂದ ಒಬ್ಬರೂ ಆ ಕಡೆ ಹೋಗಲಿಲ್ಲ.