ಒಂದು ಕ್ಷೇತ್ರ, ಇಬ್ಬರು ಸದಸ್ಯರು

ಚುನಾವಣೆ ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ‘ಕ್ಷೇತ್ರ’ದ ಸುಗ್ಗಿ. ಸುರಕ್ಷಿತ ಕ್ಷೇತ್ರ, ತವರು ಕ್ಷೇತ್ರ, ಸ್ವಕ್ಷೇತ್ರ, ಕ್ಷೇತ್ರ ಹುಡುಕಾಟ. ಹಿರಿಯ ನಾಯಕರು ಮಗನಿಗೆ ಕ್ಷೇತ್ರ ‘ಬಿಟ್ಟುಕೊಡುತ್ತಾರೆ’, ಪಿತ್ರಾರ್ಜಿತ ಜಮೀನಿನ ಹಾಗೆ. ಮಾತು ತಪ್ಪೇನಲ್ಲ, ಏಕೆಂದರೆ ಕ್ಷೇತ್ರ ಮೊದಲಿಗೆ ಜಮೀನೇ. ನೆಲೆಸು ಎಂಬರ್ಥದ ‘ಕ್ಷಿ’ ಧಾತುವಿನಿಂದ ಬಂದ ಈ ಪದಕ್ಕೆ ಋಗ್ವೇದದಲ್ಲಿ ಹೊಲವೆಂಬ ಅರ್ಥವಿದೆ. ಹಿಂದಿಯ ‘ಖೇತ್’ ಇದರದೇ ಸವೆದ ರೂಪ.

ಕನ್ನಡಕ್ಕೆ ಬಂದಾಗ ಇಲ್ಲಿ ಹೊಲ, ಗದ್ದೆ, ಕೆಯ್ ಎಂಬ ಪದಗಳು ಆಗಲೇ ದುಡಿಯುತ್ತಿದ್ದವು. ಹೀಗಾಗಿ ಕ್ಷೇತ್ರಕ್ಕೆ ಉಳುವ ಕೆಲಸ ಅಷ್ಟಾಗಿ ಸಿಗಲಿಲ್ಲ, ಮೇಲಿನ ಹುದ್ದೆಗಳು ಸಿಕ್ಕವು. ಯಾತ್ರಿಕರಿಗೆ ಅದು ಪುಣ್ಯಸ್ಥಳ. ಗೀತೆಯ ಹದಿಮೂರನೆಯ ಅಧ್ಯಾಯ ಓದಿದವರಿಗೆ ಈ ದೇಹವೇ ಕ್ಷೇತ್ರ. ಲೆಕ್ಕದ ಮೇಷ್ಟರಿಗೆ ಉದ್ದಗಲ ಗುಣಿಸಿದರೆ ಬರುವ ಕ್ಷೇತ್ರಫಲ. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತ ಗ್ರಂಥಗಳಲ್ಲೊಂದರ ಹೆಸರೇ ‘ಕ್ಷೇತ್ರಗಣಿತ’. ಧರ್ಮಶಾಸ್ತ್ರಕಾರರಂತೂ ಹೆಂಡತಿಯನ್ನೇ ಕ್ಷೇತ್ರವೆಂದರು. ಬಿತ್ತಿದವನು ಯಾರೇ ಆಗಲಿ, ಬೆಳೆ ಹೊಲದ ಯಜಮಾನನದು ಎಂದು ವಾದಿಸಿ ‘ಕ್ಷೇತ್ರಜ’ ಪುತ್ರನಿಗೆ ಹಕ್ಕು ಕೊಟ್ಟರು. ಆ ವಾದ ಹೋಯಿತು, ಹೋದದ್ದೇ ಒಳ್ಳೆಯದಾಯಿತು. ಆದರೆ ಕ್ಷೇತ್ರವೆಂದ ಮೇಲೆ ಅದಕ್ಕೊಬ್ಬ ಯಜಮಾನ ಇರಲೇಬೇಕೆಂಬ ಭಾವ ಮಾತ್ರ ಪದಕ್ಕೆ ಅಂಟಿಕೊಂಡೇ ಬಂತು.

ನೆರೆಯವರನ್ನು ನೋಡಿ. ಮರಾಠಿಯವರು ‘ಮತದಾರಸಂಘ’ ಎನ್ನುತ್ತಾರೆ, ತೆಲುಗರು ‘ನಿಯೋಜಕವರ್ಗ’ ಎನ್ನುತ್ತಾರೆ. ಎರಡರಲ್ಲೂ ಜನ ಇದ್ದಾರೆ. ನಮ್ಮದರಲ್ಲಿ ಬರೀ ನೆಲ.

ಹೀಗೆ ಒಬ್ಬ ಯಜಮಾನನಿಗೆ ಒಗ್ಗಿದ ಪದ ಸ್ವತಂತ್ರ ಭಾರತದ ಮೊದಲ ಎರಡು ಮಹಾಚುನಾವಣೆಗಳಲ್ಲಿ ಇಬ್ಬರನ್ನು ಹೊರಬೇಕಾಯಿತು. 1951–52ರಲ್ಲಿ ಲೋಕಸಭೆಯ 489 ಸ್ಥಾನಗಳಿಗೆ ಇದ್ದದ್ದು 401 ಕ್ಷೇತ್ರ. 314ರಲ್ಲಿ ಒಬ್ಬೊಬ್ಬರು, 86ರಲ್ಲಿ ಇಬ್ಬಿಬ್ಬರು, ಉತ್ತರ ಬಂಗಾಳ ಎಂಬ ಒಂದರಲ್ಲಿ ಮಾತ್ರ ಮೂವರು. ಪ್ರಧಾನಿ ನೆಹರೂ ಕೂಡ ಅಲಾಹಾಬಾದಿನ ಕಡೆಯಿಂದ ಮಸೂರಿಯಾ ದೀನ್ ಅವರ ಜೊತೆ ಒಂದೇ ಕ್ಷೇತ್ರದ ಸದಸ್ಯರಾಗಿದ್ದರು. ನಮ್ಮಲ್ಲಿ ಮೈಸೂರು ಮತ್ತು ಕೋಲಾರ ದ್ವಿಸದಸ್ಯ ಕ್ಷೇತ್ರಗಳು. ಮೈಸೂರಿನ ಮತದಾರರು ಕಾಂಗ್ರೆಸ್ಸಿನ ಎನ್. ರಾಚಯ್ಯನವರನ್ನೂ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿಯವರನ್ನೂ ಒಟ್ಟಿಗೆ ದೆಹಲಿಗೆ ಕಳಿಸಿದರು. ಒಂದು ಕ್ಷೇತ್ರ, ಇಬ್ಬರು ಸದಸ್ಯರು, ಎರಡು ಪಕ್ಷ. ಮೈಸೂರು ವಿಧಾನಸಭೆಯ 99 ಸ್ಥಾನಗಳೂ ಹೀಗೇ 80 ಕ್ಷೇತ್ರಗಳಲ್ಲಿ ಹಂಚಿಹೋಗಿದ್ದವು.

ಇಂಥ ಕ್ಷೇತ್ರದ ಎರಡು ಸ್ಥಾನಗಳಲ್ಲಿ ಒಂದು ಪರಿಶಿಷ್ಟ ಜಾತಿ ಇಲ್ಲವೇ ಪಂಗಡದವರಿಗೆ ಮೀಸಲು. ಈ ಏರ್ಪಾಟಿನ ಬೇರು ಇರುವುದು 1932ರ ಪೂನಾ ಒಪ್ಪಂದದಲ್ಲಿ. ಪ್ರತ್ಯೇಕ ಮತದಾರರ ಪಟ್ಟಿ ಬೇಡ, ಎಲ್ಲರೂ ಕೂಡಿ ಮತ ಹಾಕಲಿ, ಆದರೆ ಸ್ಥಾನಗಳು ಮೀಸಲಿರಲಿ ಎಂಬುದು ಅಲ್ಲಿ ಆದ ರಾಜಿ. ಈ ‘ಮೀಸಲು’ ಅಚ್ಚ ಕನ್ನಡದ ಪದ. ದೇವರಿಗೆಂದು ಎತ್ತಿಟ್ಟು, ಮನೆಯವರು ಮುಟ್ಟದೆ ಉಳಿಸುವ ಮೊದಲ ಹಾಲು, ಮೊದಲ ಬೆಣ್ಣೆ, ಅದು ಮೀಸಲು. ಗಮನಿಸಬೇಕಾದ್ದು, ಆಗ ಮೀಸಲಾಗಿದ್ದದ್ದು ಸ್ಥಾನವೇ ಹೊರತು ಕ್ಷೇತ್ರವಲ್ಲ. ಸಂವಿಧಾನದ 330ನೆಯ ವಿಧಿ ಇಂದಿಗೂ ಸ್ಥಾನಗಳ ಮಾತನ್ನೇ ಆಡುತ್ತದೆ. ದ್ವಿಸದಸ್ಯ ಕ್ಷೇತ್ರದ ಪ್ರತಿಯೊಬ್ಬ ಮತದಾರನಿಗೂ ಎರಡು ಮತ. ಎರಡನ್ನೂ ಒಬ್ಬನಿಗೇ ಕೊಡುವಂತಿಲ್ಲ, ಕೊಟ್ಟರೆ ಒಂದು ಮಾತ್ರ ಲೆಕ್ಕಕ್ಕೆ. ಮೊದಲ ಚುನಾವಣೆಯಲ್ಲಿ ಅಭ್ಯರ್ಥಿಗೊಂದು ಪೆಟ್ಟಿಗೆ ಇರುತ್ತಿತ್ತು. ಅಕ್ಷರ ಬಾರದವರೇ ಹೆಚ್ಚಿದ್ದ ಕಾಲದಲ್ಲಿ ಎರಡು ಚೀಟಿ ಹಿಡಿದು ಎರಡು ಬೇರೆ ಪೆಟ್ಟಿಗೆ ಹುಡುಕುವುದು ಸಣ್ಣ ಮಾತಲ್ಲ. ಉತ್ತರ ಮುಂಬಯಿಯ ಮೀಸಲು ಸ್ಥಾನದಲ್ಲಿ ಡಾ. ಅಂಬೇಡ್ಕರ್ ಅವರು ನಾರಾಯಣ ಕಾಜ್ರೋಳ್ಕರ್ ಎದುರು ಸೋತದ್ದು ಇಂಥ ಕ್ಷೇತ್ರದಲ್ಲೇ. ತಿರಸ್ಕೃತ ಮತಗಳು ಸೋಲಿನ ಅಂತರಕ್ಕಿಂತ ಎಷ್ಟೋ ಪಾಲು ಹೆಚ್ಚಿದ್ದವು, ವಿಷಯ ಚುನಾವಣಾ ತಕರಾರಿನವರೆಗೂ ಹೋಯಿತು.

ಎಣಿಕೆಯ ಕ್ರಮ ಇನ್ನೂ ಸ್ವಾರಸ್ಯದ್ದು. ಮೊದಲು ಮೀಸಲು ವರ್ಗದವರಲ್ಲಿ ಹೆಚ್ಚು ಮತ ಪಡೆದವರಿಗೆ ಮೀಸಲು ಸ್ಥಾನ. ಉಳಿದ ಸ್ಥಾನ, ಉಳಿದ ಎಲ್ಲರ ಪೈಕಿ ಹೆಚ್ಚು ಮತ ಬಂದವರಿಗೆ, ಅವರು ಯಾವ ವರ್ಗದವರೇ ಆಗಲಿ. 1957ರಲ್ಲಿ ಆಂಧ್ರದ ಪಾರ್ವತೀಪುರಂನಲ್ಲಿ ಈ ಲೆಕ್ಕದಿಂದ ಇಬ್ಬರು ಪರಿಶಿಷ್ಟ ಪಂಗಡದ ಅಭ್ಯರ್ಥಿಗಳೇ ಗೆದ್ದರು. ಕೆಲವೇ ನೂರು ಮತಗಳಿಂದ ಹಿಂದೆ ಬಿದ್ದವರು ವಿ.ವಿ. ಗಿರಿ. ಸಾಮಾನ್ಯ ಸ್ಥಾನ ತಮಗೆ ಸೇರಬೇಕೆಂದು ಅವರು ಸುಪ್ರೀಂ ಕೋರ್ಟಿನವರೆಗೂ ಹೋದರು. ಸಾಮಾನ್ಯ ಎಂದರೆ ಎಲ್ಲರಿಗೂ ಎಂದರ್ಥ, ಮೀಸಲಿಲ್ಲದವರಿಗೆ ಮಾತ್ರ ಎಂದಲ್ಲ ಎಂಬ ನಿಲುವಿಗೆ 1959ರಲ್ಲಿ ಬಹುಮತದ ತೀರ್ಪು ಬಂತು. ಗಿರಿಯವರು ಮುಂದೆ ಮೈಸೂರಿನ ರಾಜ್ಯಪಾಲರಾದರು, ರಾಷ್ಟ್ರಪತಿಯೂ ಆದರು. ಒಂದು ಪದದ ಅರ್ಥವನ್ನು ಕೋರ್ಟು ಇಷ್ಟು ಸರಿಯಾಗಿ ಹಿಡಿದ ಪ್ರಸಂಗ ಅಪರೂಪ ಎಂದು ನನ್ನ ಎಣಿಕೆ.

ಆದರೆ ರಾಜಕೀಯ ಪಕ್ಷಗಳಿಗೆ ಈ ಅರ್ಥ ಹಿಡಿಸಲಿಲ್ಲ. ಕ್ಷೇತ್ರ ವಿಪರೀತ ದೊಡ್ಡದು, ಖರ್ಚು ಹೆಚ್ಚು, ಓಡಾಟ ಹೆಚ್ಚು ಎಂಬ ದೂರುಗಳೂ ಇದ್ದವು, ಅವು ನಿಜವೂ ಹೌದು. 1961ರಲ್ಲಿ ಸಂಸತ್ತು ಕಾಯ್ದೆ ಮಾಡಿ ದ್ವಿಸದಸ್ಯ ಕ್ಷೇತ್ರಗಳನ್ನು ರದ್ದು ಮಾಡಿತು. ಒಂದೊಂದನ್ನೂ ಎರಡಾಗಿ ಸೀಳಿ, ಒಂದು ಹೋಳನ್ನು ಮೀಸಲಿಟ್ಟರು. ಮೈಸೂರಿನ ಪಕ್ಕದಲ್ಲಿ ಚಾಮರಾಜನಗರ ಮೀಸಲು ಕ್ಷೇತ್ರವಾಗಿ ಮೂಡಿದ್ದು 1962ರ ಚುನಾವಣೆಗೆ.

ಅಲ್ಲಿಗೆ ‘ಮೀಸಲು ಸ್ಥಾನ’ ಹೋಗಿ ‘ಮೀಸಲು ಕ್ಷೇತ್ರ’ ಜನರ ಬಾಯಿಗೆ ಬಂತು. ಮೊದಲು ಮೀಸಲು ಅಂಟಿದ್ದು ಕುರ್ಚಿಗೆ, ಈಗ ಅಂಟಿದ್ದು ಊರುಕೇರಿಗಳಿಗೆ. ಹಿಂದೆ ಒಂದೇ ಊರಿನ ಜನ ಇಬ್ಬರು ಸಂಸದರ ಹತ್ತಿರವೂ ಅರ್ಜಿ ಹಿಡಿದು ಹೋಗಬಹುದಿತ್ತು. ಈಗ ‘ನಮ್ಮದು ಮೀಸಲು ಕ್ಷೇತ್ರ, ನಮಗೇನು’ ಎಂದು ಗೊಣಗುವವರು ಎಲ್ಲ ಕಡೆ ಸಿಗುತ್ತಾರೆ. ಆ ಗೊಣಗಾಟದಲ್ಲಿ ಅರ್ಧಪಾಲು ಜಾತಿಯದ್ದಾದರೆ ಉಳಿದದ್ದು ಈ ಪದ ಮಾಡಿದ ಕೆಲಸ.

ದ್ವಿಸದಸ್ಯ ಕ್ಷೇತ್ರ ಎಂಬ ಮಾತು ಸತ್ತೇಹೋಯಿತು ಎಂದುಕೊಳ್ಳಬೇಡಿ. ಮೀಸಲಾತಿಯ ಸಂಬಂಧ ಕಳಚಿಕೊಂಡು ಅದು ನಮ್ಮ ವಿಧಾನ ಪರಿಷತ್ತಿನಲ್ಲಿ ಬದುಕಿದೆ. ಸ್ಥಳೀಯ ಸಂಸ್ಥೆಗಳಿಂದ ಆರಿಸಿ ಬರುವ ಸದಸ್ಯರು 25, ಕ್ಷೇತ್ರಗಳು 20. ಬೆಳಗಾವಿ, ವಿಜಯಪುರ, ಧಾರವಾಡ, ದಕ್ಷಿಣ ಕನ್ನಡ ಮತ್ತು ಮೈಸೂರು, ಈ ಐದರಲ್ಲಿ ಇಬ್ಬಿಬ್ಬರು. 2021ರ ಡಿಸೆಂಬರಿನಲ್ಲಿ ಮೈಸೂರು ಕ್ಷೇತ್ರದಿಂದ ಕಾಂಗ್ರೆಸ್ಸಿನ ಒಬ್ಬರು, ಜೆಡಿಎಸ್‌ನ ಒಬ್ಬರು ಗೆದ್ದುಬಂದರು.